ಮುಳುಗಿದ ಮನಿಯ ಪಾಲು

ನವನಗರ, ಬಾಗಲಕೋಟೆ
೨೫ ಜುಲೈ ೨೦೨೫, ಶುಕ್ರವಾರ

ಇಳಕಲ್ಲಿನ ಪಡಸಾಲಿಯಲ್ಲಿ ನೆರೆದಿರುವ ಸಮಸ್ತ ಸಭಿಕರೇ, ಚಾಪಿಯ ಮೇಲಿನ ಹಿರಿಯರೇ, ಬಾಗಿಲಿಗೆ ಆತು ನಿಂತ ನೆರೆಮನಿಯ ತಾಯಂದಿರೇ, ಒಲಿ ಮುಂದೆ ಕುಳಿತು ಕಿವಿ ಮಾತ್ರ ಹೊರಗೆ ಕಳಿಸಿರುವ ಸೊಸಿಯಂದಿರೇ, ಸ್ವಲ್ಪ ಗದ್ದಲ ಕಡಿಮಿ ಮಾಡಿರಿ. ಈ ಪತ್ರ ಓದುತ್ತಿರುವವಳು ನಮ್ಮ ಅಕ್ಕನ ಮೊಮ್ಮಗಳು ಶೀಲಾ. ಶೀಲವ್ವಾ, ಗಂಟಲು ಸರಿ ಮಾಡಿಕೊ, ನಿಲ್ಲುವಲ್ಲಿ ನಿಲ್ಲು, ಕಡೀ ಸಾಲಿನವರಿಗೂ ಕೇಳಬೇಕು. ಕಣ್ಣಿನ ಪೊರೆ ತೆಗೆಸಿದಾಗಿನಿಂದ ಅಕ್ಕ ತಾನು ಓದುವುದಿಲ್ಲ, ಅವಳಿಗೆ ಬಂದ ಪತ್ರ ಓಣಿಗೆಲ್ಲ ಬಂದಂತೆ ಎಂಬುದು ನನಗೆ ಗೊತ್ತು. ಅದಕ್ಕೇ ಮೊದಲ ನಮಸ್ಕಾರ ಸಭೆಗೆ. ಇನ್ನು ಮುಂದಿನದು ಅಕ್ಕನಿಗೆ.

ಪ್ರೀತಿಯ ಗುರುಲಿಂಗಕ್ಕಾ,

ನಿನ್ನ ತಮ್ಮ ಹೊಳಬಸಪ್ಪನ ಶರಣಾರ್ಥಿ. ಮೊಣಕಾಲು ಹೇಂಗದಾವ? ಡಾಕ್ಟರು ಬರೆದುಕೊಟ್ಟ ಕಣ್ಣಿನ ಹನಿ ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳುತ್ತೀಯೋ, ಇಲ್ಲಾ ಆ ಸೀಸೆಯನ್ನೂ ದೇವರ ಮಾಡದಲ್ಲಿಟ್ಟು ಊದಿನಕಡ್ಡಿ ಬೆಳಗುತ್ತೀಯೋ? ಇಲ್ಲಿ ನನಗೆ ಸಕ್ಕರೆ ಕಾಯಿಲೆ ಇದ್ದಷ್ಟೇ ಐತಿ, ದನಿ ಇನ್ನೂ ಇಳಿದಿಲ್ಲ. ದನಿ ಇಳಿದರೆ ಅರ್ಧ ನವನಗರಕ್ಕೆ ಆರಾಮ ಎನ್ನುತ್ತಾಳೆ ಶಿವಗಂಗಾ. ಅವಳ ಬೆನ್ನುನೋವು ಕಡಿಮಿಯಾಗಿದೆ. ಯಾಕೆ ಕಡಿಮಿಯಾಯಿತು ಎಂಬುದು ಮುಂದೆ ಬರುತ್ತದೆ. ಫೋನು ಬಿಟ್ಟು ಪತ್ರ ಯಾಕೆ ಎಂದು ಕೇಳಬ್ಯಾಡ. ಫೋನಿನಲ್ಲಿ ನಾ ಬಾಯಿ ತೆರೆದರೆ ನೀ ಅದನ್ನು ಕಿವಿಯಿಂದ ಮಾರುದೂರ ಹಿಡಿಯುತ್ತೀ, ಮತ್ತೆ ಈ ಮಾತು ದೂರ ಹಿಡಿದು ಕೇಳುವ ಮಾತಲ್ಲ. ನಿನ್ನ ಮಗ ಅನಿಲಕುಮಾರ ಇಲ್ಲಿ ಕಚೇರಿ ಮುಗಿಸಿ ಊರಿಗೆ ಹೊರಡುವಾಗ ಬಂದು ಒಯ್ಯುತ್ತೇನೆ ಎಂದಿದ್ದಾನೆ. ಅವನು ಬರುವುದರೊಳಗೆ ಮುಗಿಸಬೇಕು.

ಹೋದ ಸೋಮವಾರ ನೀ ಫೋನಿನಲ್ಲಿ ಒಂದೇ ಮಾತು ಹೇಳಿದೆ. "ಈ ಸಲ ಪಂಚಮಿಗೆ ಬರೂದು ಆಗೂದಿಲ್ಲಪ್ಪಾ, ಮೊಣಕಾಲು." ನಾನು ಹೂಂ ಅಂದೆ. ಫೋನಿಟ್ಟ ಮೇಲೆ ಶಿವಗಂಗಾ ನನ್ನ ಮುಖ ನೋಡಿ, "ಮೊಣಕಾಲು ಹೋದ ವರ್ಷನೂ ಇದ್ದವು" ಅಂದಳು. ಅಷ್ಟೇ ಅಂದಳು. ಆ ಮಾತು ನನ್ನ ಹಿಂದಿಂದೆ ಮನಿ ತುಂಬ ತಿರುಗಾಡಿತು. ಹೋದ ವರ್ಷವಾಗಿದ್ದರೆ ತಿರುಗಾಡಲು ಅದಕ್ಕಾದರೂ ಜಾಗ ಎಲ್ಲಿರುತ್ತಿತ್ತು ಹೇಳು. ನೀ ನೋಡಿದ್ದೀಯಲ್ಲ, ಬಾಗಿಲು ದಾಟಿದರೆ ಎಡಕ್ಕೆ ಕೆತ್ತನಿಯ ಎರಡು ಕಂಬ, ಬಲಕ್ಕೆ ಧಾನ್ಯದ ಕಣಜದ ಬಾಗಿಲು, ಪಡಸಾಲಿಯಲ್ಲಿ ಮಖಮಲ್ಲಿನ ಮೇಲೆ ದೀಪದ ಸಮಯಿಗಳ ಸಾಲು, ಹಿತ್ತಾಳಿ ಹಂಡೆ, ಒಂದೂ ಹೊಡೆಯದ ನಾಲ್ಕು ಗಡಿಯಾರ. ಪ್ರತಿಯೊಂದಕ್ಕೂ ನನ್ನ ಕೈಬರಹದ ಚೀಟಿ. "ಒಂದು ಚೀಟಿ ನನಗೂ ಹಚ್ಚಿರಿ, ಮೂಲ್ಯಾಗ ಕುಂಡರ್ತೇನಿ, ಬಂದವರು ನೋಡಿಕೊಂಡು ಹೋಗಲಿ" ಎಂದು ಶಿವಗಂಗಾ ಎಷ್ಟೋ ಸಲ ಅಂದದ್ದಿದೆ. ನಾನದನ್ನು ಹಾಸ್ಯದ ಪಾರ್ಟು ಎಂದು ತಿಳಿದು ನಕ್ಕೆ.

ಇದೆಲ್ಲ ಯಾಕೆ ಕೂಡಿಹಾಕಿದೆ ಎಂದು ನೀ ಎಂದೂ ಕೇಳಲಿಲ್ಲ. ನಾನೇ ಹೇಳುತ್ತೇನೆ. ಅಣೆಕಟ್ಟಿನ ಹಿನ್ನೀರು ಬರುತ್ತದೆ ಎಂದು ಹಳೇ ಊರಿನ ನಮ್ಮ ಓಣಿ ಕೆಡವಿದಾಗ ನಾ ಎಲ್ಲಿದ್ದೆ? ನಾಟಕ ಕಂಪನಿಯ ಬನಶಂಕರಿ ಕ್ಯಾಂಪಿನಲ್ಲಿ, ರಾಜನ ಪಾರ್ಟಿನಲ್ಲಿ. ತಗಡಿನ ಕಿರೀಟ ಹಾಕಿಕೊಂಡು, ಪ್ರಾಣ ಹೋದರೂ ಅರಮನೆ ಬಿಡೆನು ಎಂದು ದಿನಾ ಗರ್ಜಿಸಿ ಒನ್ಸ್ ಮೋರ್ ಗಿಟ್ಟಿಸುತ್ತಿದ್ದೆ. ಇತ್ತ ಶಿವಗಂಗಾ ಜ್ವರ ಬಂದ ಕೂಸನ್ನು ಎತ್ತಿಕೊಂಡು ದವಾಖಾನ್ಯಾಗಿದ್ದಳು. ನೀ ಒಬ್ಬಳೇ ಇಳಕಲ್ಲಿನಿಂದ ಬಂದು, ಸೆರಗು ಕಟ್ಟಿ, ಅಪ್ಪನ ಮನಿ ಖಾಲಿ ಮಾಡಿಸಿದೆ. ನಾ ಬಂದಾಗ ಅಲ್ಲಿ ಮಣ್ಣಿನ ಗುಡ್ಡಿ ಇತ್ತು, ಅದರ ಮೇಲೊಂದು ನಾಯಿ ಮಲಗಿತ್ತು. ಕಂಬ, ಬಾಗಿಲು ಎಲ್ಲ ಯಾರಯಾರದೋ ಗಾಡಿ ಏರಿ ಹೋಗಿದ್ದವು. ನೀ ಒಂದು ಬಟ್ಟಿಗಂಟು, ಒಂದು ಕಟ್ಟಿಗಿಯ ಹಲಗಿ ನನ್ನ ಮುಂದಿಟ್ಟು, "ಇಷ್ಟ ನನ್ನ ಕೈಲಿ ಎತ್ತಾಕಾತು" ಅಂದೆ. ಆಹಾ, ರಾಜನಿಗೆ ಒಂದು ಹಲಗಿ ಎಂದು ಮನಸ್ಸಿನಲ್ಲೇ ಕಹಿಯಾದೆ. ಅಲ್ಲಿಂದ ಇಪ್ಪತ್ತು ವರ್ಷ, ಕೆರೂರ ಸಂತಿಯ ಲಾಡಸಾಬನ ಹಳೇ ಸಾಮಾನಿನ ಅಂಗಡಿಗೆ ನಾ ಎಡತಾಕಿದ್ದೇ ಎಡತಾಕಿದ್ದು. ನಮ್ಮ ಮನಿಯದು ಸಿಗಲಿಲ್ಲ, ಮಂದಿ ಮನಿಯದು ಸಿಕ್ಕಿತು, ತಂದೆ. ಎಷ್ಟು ತಂದರೂ ಆ ಗುಡ್ಡಿ ತುಂಬಲಿಲ್ಲ.

ನೀ ಮಾತ್ರ ಒಂದೂ ಸಾಮಾನು ಕೂಡಿಡಲಿಲ್ಲ. ಪ್ರತಿ ಪಂಚಮಿಗೆ ಬಂದು, ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿ ಮಣ್ಣಿನ ನಾಗಪ್ಪಗ ಹಾಕುವಾಗ, ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ತಮ್ಮನ ಪಾಲು ಎಂದು ಎಲ್ಲರ ಹೆಸರು ಹೇಳಿ ಮುಗಿಸಿ, ಕಡೀಕ ಸಣ್ಣ ದನಿಯಲ್ಲಿ "ಮುಳುಗಿದ ಮನಿ ಪಾಲು" ಎಂದು ಒಂದು ಹನಿ ಬಿಡುತ್ತಿದ್ದೆ. ಮೊದಲನೇ ವರ್ಷ ಅದನ್ನು ಕೇಳಿ ನಾ ಮುಖ ಆಚೆ ತಿರುಗಿಸಿದೆ. ಆಮೇಲೆ ರೂಢಿಯಾಯಿತು. ನೀ ವರ್ಷಕ್ಕೊಂದು ಹನಿ ಬಿಟ್ಟು ಹಗುರಾಗಿ ಹೋಗುತ್ತಿದ್ದೆ, ನಾ ವರ್ಷಕ್ಕೊಂದು ಗಾಡಿ ಸಾಮಾನು ಇಳಿಸಿಕೊಳ್ಳುತ್ತಿದ್ದೆ.

ಈಗ ಹೋದ ವರ್ಷದ ಪಂಚಮಿ. ಶೀಲವ್ವಾ, ಇಲ್ಲಿ ಸ್ವಲ್ಪ ನಿಧಾನ ಓದು. ಆ ವರ್ಷ ನಾ ಲಾಡಸಾಬನ ಹತ್ತಿರ ಹಿತ್ತಾಳಿ ಸರಪಳಿಯ ಜೋಕಾಲಿ ತಂದು ಪಡಸಾಲಿಯ ನಡುವೆ ತೂಗಿಸಿದ್ದೆ. ಸರಪಳಿಯ ಕೊಂಡಿಗೊಂದು ಗಿಳಿ, ಕುಂಡ್ರುವ ಸಾಗವಾನಿ ಮಣಿಗೆ ಕೆತ್ತಿದ ಹೂಬಳ್ಳಿ. ಮಣಿ ಭಾಳ ಹಳೇದು, ಒಂದು ಕಡೆ ಬಿರುಕು ಬಿಟ್ಟಿತ್ತು. ನೀ ಹೊಸ ಇಳಕಲ್ಲ ಸೀರಿ ಉಟ್ಟು, ಬಾಯಲ್ಲಿ ಶೇಂಗಾ ಉಂಡಿ ಇಟ್ಟುಕೊಂಡು, ಹೋಗಿ ಅದರ ಮೇಲೆ ಕುಂತೆ. ನಾನು ಮೂರು ಮನಿಗೆ ಕೇಳುವ ಹಾಗೆ, "ಏಳಕ್ಕಾ, ಏಳು, ಅದು ಕುಂಡ್ರೂದಲ್ಲ, ನೋಡೂದು" ಎಂದು ಗರ್ಜಿಸಿದೆ. ಮನಿ ತುಂಬ ಮಂದಿ. ನೀ ನಕ್ಕು, ಸೆರಗು ಸರಿ ಮಾಡಿಕೊಂಡು, ಹೋಗಿ ನೆಲದ ಮೇಲೆ ಕುಳಿತೆ. ಮರುದಿನ ಮುಂಜಾನೆಯ ಬಸ್ಸಿಗೆ ಹೊರಟೆ. ನಾ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ, ಸಮಯಿಗಳಿಗೆ ಹುಣಸಿಹಣ್ಣು ಹಚ್ಚಿ ತಿಕ್ಕುತ್ತಿದ್ದೆ.

ಅದೇನೂ ಅಂಥ ದೊಡ್ಡ ಮಾತಲ್ಲ ಎಂದು ಹತ್ತು ತಿಂಗಳು ಇದ್ದುಬಿಟ್ಟೆ. ಕಾರಹುಣ್ಣಿವಿ ಮುಗಿದ ವಾರ ದುರಗವ್ವ ಬಂದಳು. ನಮ್ಮ ಹಳೇ ಓಣಿಯ ಮೂಲಿಮನಿಯ ದುರಗವ್ವ, ನಿನಗಿಂತ ಎರಡು ವರ್ಷ ದೊಡ್ಡವಳು, ಈಗ ಇಲ್ಲೇ ಬ್ಯಾರೆ ಸೆಕ್ಟರಿನಲ್ಲಿ ಮಗನ ಮನಿಯಲ್ಲಿದ್ದಾಳೆ. ಮೊಮ್ಮಗಳ ಮದುವಿ ಗೊತ್ತಾಗಿದೆ, ಅರಿಷಿಣ ಬೀಸುವ ಶಾಸ್ತ್ರಕ್ಕೆ ಕಲ್ಲು ಬೇಕು, ತನ್ನ ಕಲ್ಲು ನನ್ನ ಮನಿಯಲ್ಲಿದೆ ಎಂದು ಯಾರೋ ಹೇಳಿದರಂತೆ. ನಿಮ್ಮದೇ ಎನ್ನಲು ಏನು ಗುರುತು ಎಂದು ನಾ ನ್ಯಾಯಾಧೀಶನ ದನಿ ತೆಗೆದೆ. ಅವಳು ಕಲ್ಲಿನ ಮೇಲೆ ನಾ ಇಟ್ಟಿದ್ದ ಹೂವಿನ ಕುಂಡವನ್ನು ಎತ್ತಿ ಪಕ್ಕಕ್ಕಿಟ್ಟು, ಕಾಲು ಚಾಚಿ ಕುಳಿತು, ನೋಡದೆಯೇ ಕಲ್ಲಿನ ಅಡಿಗೆ ಕೈ ಹಾಕಿ, "ಇಲ್ಲಿ ಹೆಬ್ಬೆರಳು ಹಿಡಿಸುವಷ್ಟು ಚಕ್ಕಿ ಎದ್ದೈತಿ, ನಮ್ಮತ್ತಿ ಕೈ ಜಾರಿ ಕೆಡವಿದ್ಲು" ಅಂದಳು. ಬಗ್ಗಿ ನೋಡಿದೆ. ಹತ್ತು ವರ್ಷ ಆ ಕಲ್ಲು ನನ್ನ ಮನಿಯಲ್ಲಿದ್ದರೂ ನಾನದರ ಅಡಿ ನೋಡಿರಲಿಲ್ಲ. ಬರೇ ಚೀಟಿ ಬರೆದಿದ್ದೆ. ಆಟೋ ತರಿಸಿ ಕಳಿಸಿಕೊಟ್ಟೆ.

ಕೊಟ್ಟು ದೊಡ್ಡವನಾದೆ ಎಂದು ತಿಳಿಯಬ್ಯಾಡ ಅಕ್ಕಾ. ಎರಡು ದಿನ ಆ ಖಾಲಿ ಮೂಲಿಯ ಸುತ್ತಲೇ ಸುಳಿದಾಡಿದೆ. ಮೂರನೇ ದಿನ ಮದುವಿ ಸುದ್ದಿ ಕೇಳುವ ನೆವ ಮಾಡಿಕೊಂಡು ಕಲ್ಲು ನೋಡಲು ಹೋದೆ. ದುರಗವ್ವ ಹಿಟ್ಟಿನ ಧೂಳಿನಲ್ಲಿ ಕುಳಿತು ಕಡಲಿ ಬೀಸುತ್ತಿದ್ದಳು. ನನ್ನ ಕಣ್ಣು ಎಲ್ಲಿದೆ ಎಂದು ಅವಳಿಗೆ ತಿಳಿದುಹೋಯಿತು. "ನೋಡಾಕ ಬಂದ್ರೇನು ಹೊಳಬಸಪ್ಪಾ? ಇದು ನೋಡೂದಲ್ಲರಿ, ಬೀಸೂದು. ಬರ್ರಿ, ಕುಂಡ್ರಿ, ಒಂದು ಕೈ ಹಚ್ಚರಿ." ಅಕ್ಕಾ, ಅವಳ ಮಾತಿನ ಹಿಂದೆ ನನ್ನದೇ ಗರ್ಜನೆ ಕೇಳಿಸಿತು, ನೆಲದ ಮೇಲೆ ಕುಳಿತು ಉಂಡಿ ಮುರಿಯುತ್ತಿದ್ದ ನೀ ಕಂಡೆ. ಕುಳಿತು ಬೀಸಿದೆ. ರಟ್ಟಿ ಇನ್ನೂ ನೋಯುತ್ತಿದೆ.

ಅಲ್ಲಿಂದ ಒಂದೊಂದೇ ಹೊರಗೆ ಹೊರಟವು. ನಿನ್ನ ಹಾಗೆಯೇ ಹೆಸರು ಹೇಳಿ ಕೊಟ್ಟೆ, ಮನಸ್ಸಿನಲ್ಲಿ. ಕಂಬಗಳು ಗುಡೂರಿನಲ್ಲಿ ಮನಿ ಕಟ್ಟಿಸುತ್ತಿರುವ ಶಿವಗಂಗಾಳ ತಮ್ಮನ ಪಾಲು. ಅಲ್ಲಿ ಅವು ನಿಜವಾಗಿ ಮಾಳಿಗಿ ಹೊರುತ್ತವಂತೆ. ಹಂಡೆ ದುರಗವ್ವನ ಮನಿಯ ಮದುವಿ ಪಾಲು. ಜೋಕಾಲಿಯ ಸರಪಳಿಯನ್ನು ಲಾಡಸಾಬನಿಗೇ ಒಯ್ದೆ. ಅವನ ಮಗಳು ಮುಮ್ತಾಜ ಹಡೆದು ಬಂದಿದ್ದಾಳೆ, ತೊಟ್ಟಿಲು ಕಟ್ಟಲಿ ಎಂದೆ. ಲಾಡಸಾಬ ನನ್ನನ್ನು ಮೇಲಿಂದ ಕೆಳಗೆ ನೋಡಿ, "ತೊಗೊಳ್ಳಾಕ ಬಂದ್ರ ಚಹಾ ಹೇಳ್ತಿದ್ದೆ. ಕೊಡಾಕ ಬಂದೀರಿ. ದವಾಖಾನಿಗೆ ಕರ್ಕೊಂಡು ಹೋಗ್ಲ್ಯಾ ಹೆಂಗ?" ಅಂದ. ಎಲ್ಲವೂ ಸಲೀಸಾಗಿ ಹೋದವು ಎಂದರೆ ಸುಳ್ಳಾಗುತ್ತದೆ. ಒಂದು ಗಡಿಯಾರವನ್ನು ಕೊಟ್ಟವನ ಮನಿಗೇ ಹೋಗಿ ಇಸಿದುಕೊಂಡು ಬಂದೆ. ತಗಡಿನ ಕಿರೀಟ ಇನ್ನೂ ಕಪಾಟಿನ ಮೇಲೆ ಇದೆ, ಅದನ್ನು ಕೇಳಬ್ಯಾಡ. ಆದರೆ ಶಿವಗಂಗಾ ಈಗ ಬಗ್ಗಿ, ಸರಿದು, ದಾಟಿ ಕಸ ಹೊಡೆಯಬೇಕಿಲ್ಲ. ಬೆನ್ನು ಕಡಿಮಿಯಾದದ್ದು ಹಾಗೆ.

ನಾಡದ್ದು ಆದಿತ್ಯವಾರ ರೊಟ್ಟಿ ಹಬ್ಬ, ಅಲ್ಲಿಂದಲೇ ಪಂಚಮಿ ಸುರು. ಶಿವಗಂಗಾ ಆಗಲೇ ಸಜ್ಜಿರೊಟ್ಟಿಗೆ ಎಳ್ಳು ಆರಿಸಿಟ್ಟಿದ್ದಾಳೆ. ಪಡಸಾಲಿ ಈಗ ಆಟ ಮುಗಿದ ರಂಗದ ಹಾಗೆ ಬಯಲಾಗಿದೆ, ಮಾತಾಡಿದರೆ ಗೋಡೆ ತಿರುಗಿ ಮಾತಾಡುತ್ತದೆ. ನಿನ್ನ ಸೊಸಿಗೆ, ಅಳಿಯಂದಿರಿಗೆ ನನ್ನ ನೆನಪು ಹೇಳು. ಶೀಲವ್ವಗೆ ಆಶೀರ್ವಾದ, ಚೆಂದ ಓದಿದಳು ಎಂದು ನಂಬಿದ್ದೇನೆ. ಕೂಡಲಸಂಗಯ್ಯ ನಿನ್ನ ಮೊಣಕಾಲಿಗೆ ಶಕ್ತಿ ಕೊಡಲಿ.

ನಿನ್ನ ಮಾತು ಮೀರದ (ಒಮ್ಮೊಮ್ಮೆ ಮೀರಿದ) ತಮ್ಮ
ಹೊಳಬಸಪ್ಪ

ತಾ.ಕ.: ಅನಿಲ ಬಾಗಿಲ ಮುಂದೆ ಗಾಡಿಯ ಹಾರ್ನು ಹೊಡೆಯುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಶೀಲವ್ವಾ, ಇದನ್ನು ಸಭೆಗೆ ಓದಬ್ಯಾಡ, ಅಜ್ಜಿಯ ಕಿವಿಯಲ್ಲಿ ಹೇಳು. ಅಕ್ಕಾ, ನಿನ್ನೆ ಕಡೀ ಸಮಯಿ ಎತ್ತಿ ಕೊಟ್ಟು, ಅವುಗಳ ಕೆಳಗೆ ಹಾಸಿದ್ದ ಕೆಂಪು ಮಖಮಲ್ಲಿನ ಪರದೆ ಎಳೆದೆ. ಅಡಿಗೆ ನೀ ತಂದುಕೊಟ್ಟ ಹಲಗಿ. ಎರಡೂ ತುದಿಗೆ ಹಗ್ಗ ತಿಂದ ಗುರುತು. ಒಂದು ಮೂಲಿ ದುಂಡಗೆ ಕೆತ್ತಿದ್ದು, ಅದು ಬಡಿದು ನನ್ನ ಮುಂದಿನ ಹಲ್ಲು ಮುರಿದ ದಿನ ಅಪ್ಪ ಬಾಚಿ ತೊಗೊಂಡು ಕೆತ್ತಿದನಲ್ಲ, ಅದೇ ಮೂಲಿ. ನಮ್ಮ ಜೋಕಾಲಿಯ ಮಣಿ ಅಕ್ಕಾ. ಇಪ್ಪತ್ತು ವರ್ಷ ನಾ ಹುಡುಕಿದ ಮನಿ ನನ್ನ ಪಡಸಾಲಿಯಲ್ಲೇ ಮಂದಿಯ ಸಾಮಾನು ಹೊತ್ತುಕೊಂಡು ಬಿದ್ದಿತ್ತು, ನೀ ಪ್ರತಿ ವರ್ಷ ಬಂದು ಆ ಮಖಮಲ್ಲು ನೋಡಿ ಸುಮ್ಮನೆ ಹೋಗುತ್ತಿದ್ದೆ. ಒಂದು ಮಾತು ಅನ್ನಬಾರದಿತ್ತೇ? ಹಗ್ಗ ಹೊಸದು ತಂದು ಕಟ್ಟಿದ್ದೇನೆ. ಶಿವಗಂಗಾ ಕುಂಡರಲು ಹೋದಳು, ಮೊದಲು ಅಕ್ಕ ಎಂದು ತಡೆದೆ, ಈ ಸಲ ಮೆತ್ತಗೆ. ಏಳು ಅಂದದ್ದು ನನ್ನ ತಪ್ಪು. ಊರು ಬಿಟ್ಟ ಮೇಲೆ ನಾ ಒಂದು ಪಂಚಮಿಗೂ ನಿನ್ನನ್ನು ಕರೆಯಲು ಬರಲಿಲ್ಲ, ಬರೇ ಫೋನು ಮಾಡಿದೆ, ಅದೂ ತಪ್ಪು. ನಾಳೆ ಮುಂಜಾನೆ ಮೊದಲನೇ ಬಸ್ಸಿಗೆ ಇಳಕಲ್ಲಿಗೆ ಬರ್ತೇನಿ. ನಿಮ್ಮ ಕಟ್ಟಿಯ ಮೇಲೆ ಕುಂಡರ್ತೇನಿ. ನೀ ಚೀಲ ಹಿಡಿದು ಹೊರಗ ಬರೂತನಕ ಒಂದು ಮಾತೂ ಆಡೂದಿಲ್ಲ.