ಮಗಳು ಮುಟ್ಟದ ಮಾದರಿಗೆ ಮೊದಲ ಬಹುಮಾನ

ಮಕ್ಕಳ ಕಲಿಕೆಯ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ಹೋದ ತಿಂಗಳ ಶಾಲಾ ವಸ್ತುಪ್ರದರ್ಶನದಲ್ಲಿ ತಾವು ನನ್ನ ಮಗಳಿಗೆ ಮೊದಲ ಬಹುಮಾನ ಕೊಟ್ಟಿರಿ. ಅದರ ಬಗ್ಗೆ ನನ್ನ ತಕರಾರಿದೆ. ಬಹುಮಾನ ಬರಲಿಲ್ಲವೆಂದು ಜಗಳಕ್ಕೆ ಬರುವ ತಾಯಂದಿರನ್ನು ತಾವು ಬೇಕಾದಷ್ಟು ನೋಡಿರಬಹುದು. ಬಂತಲ್ಲ ಎಂದು ಜಗಳಕ್ಕೆ ನಿಂತವಳು ಬಹುಶಃ ನಾನೊಬ್ಬಳೇ. ಆದ್ದರಿಂದ ದಯವಿಟ್ಟು ಕೂತು ಓದಿ.

ನಾನು ಸಿಟಿ ಬಸ್ಸಿನ ಕಂಡಕ್ಟರ್. ಮಗಳು ನಾಲ್ಕನೇ ತರಗತಿ. ಈ ವರ್ಷ ತಮ್ಮ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಪೋಷಕರು ಮನೆಯಲ್ಲಿ ಮಕ್ಕಳ ಕಲಿಕೆಯಲ್ಲಿ ‘ಸಕ್ರಿಯವಾಗಿ ತೊಡಗಿಕೊಳ್ಳತಕ್ಕದ್ದು’, ಮಕ್ಕಳೊಡನೆ ಕೂಡಿ ಒಂದು ಮಾದರಿ ತಯಾರಿಸತಕ್ಕದ್ದು, ತೊಡಗಿಕೊಂಡಷ್ಟಕ್ಕೆ ತಕ್ಕ ನಕ್ಷತ್ರಗಳನ್ನು ಪೋಷಕರಿಗೆ ನೀಡಲಾಗುವುದು. ಮಾನ್ಯರೇ, ಇಂಥ ಕಾಗದ ನಮ್ಮ ಮನೆಯ ಗಂಡಸರ ಕೈಗೆ ಸಿಗಬಾರದಿತ್ತು. ನನ್ನ ಗಂಡ ಪೀಠೋಪಕರಣದ ಅಂಗಡಿಯಲ್ಲಿ ಪಾಲಿಶ್ ಕೆಲಸದವರು. ಮೈದುನ ಎಲೆಕ್ಟ್ರಿಷಿಯನ್. ಮಾವ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೂವರೂ ಓದುವ ಕಾಲದಲ್ಲಿ ಬಹುಮಾನದ ಮುಖ ಕಂಡವರಲ್ಲ. ‘ಮನೆಗೆ ನೀರು ಹೇಗೆ ಬರುತ್ತದೆ’ ಎಂಬ ವಿಷಯ ಹಿಡಿದುಕೊಂಡು ಮಗಳು ಬಂದ ಸಂಜೆಯೇ ನಮ್ಮ ಊಟದ ಮೇಜು ಕಾರ್ಖಾನೆಯಾಯಿತು. ಅಲ್ಲಿಂದ ಮುಂದೆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡೆವು.

ಒಂದು ದಿನ ಡ್ಯೂಟಿ ಮುಗಿಸಿ ಬಂದೆ. ಗಂಡ ಹಲಗೆ ಉಜ್ಜುತ್ತಿದ್ದರು, ಮಾವ ಬೆಟ್ಟಕ್ಕೆ ಬಣ್ಣ ಬಳಿಯುತ್ತಿದ್ದರು, ಮೈದುನ ಪುಟ್ಟದೊಂದು ಮೋಟಾರು ಕೂರಿಸುತ್ತಿದ್ದ. ಮಗಳು ಸ್ಟೂಲಿನ ಮೇಲೆ ಕಾಲಾಡಿಸುತ್ತ ಕೂತಿದ್ದಳು.

“ಅಪ್ಪಾ, ನಾನು ಬಣ್ಣ ಹಚ್ಲಾ?”

“ಬೇಡ ಪುಟ್ಟಿ, ಅದು ವಾರ್ನಿಷ್. ಕೈಗೆ ಅಂಟುತ್ತೆ.”

“ಚಿಕ್ಕಪ್ಪ, ಪೈಪ್ ನಾನು ಸಿಗಿಸ್ಲಾ?”

“ಮುಟ್ಬೇಡಮ್ಮ, ಈಗಷ್ಟೇ ಸರಿಯಾಗಿ ಕೂತಿದೆ.”

“ತಾತ...”

“ಹತ್ರ ಬಂದು ಉಸಿರು ಬಿಡ್ಬೇಡ, ಬೆಟ್ಟ ಇನ್ನೂ ಒಣಗಿಲ್ಲ” ಅಂದರು ಮಾವ.

ಉಸಿರು ಬಿಗಿಹಿಡಿದು ಕೂರುವುದು ಯಾವ ಬಗೆಯ ಕಲಿಕೆ? ತಮ್ಮ ಸುತ್ತೋಲೆಯಲ್ಲಿ ಹುಡುಕಿದೆ, ಸಿಗಲಿಲ್ಲ. “ಪ್ರದರ್ಶನ ಯಾರದು ರೀ, ನಿಮ್ದಾ ಅವಳ್ದಾ?” ಎಂದು ಗಂಡನನ್ನೇ ಕೇಳಿದೆ. “ನೋಡಿ ಕಲೀತಾಳೆ ಬಿಡೇ” ಅಂದರು, ತಲೆಯೆತ್ತದೆ. ತಲೆಯೆತ್ತಿದ್ದರೆ ಸ್ಟೂಲು ಖಾಲಿಯಾಗಿದ್ದು ಕಾಣುತ್ತಿತ್ತು.

ಮಗಳು ಬಚ್ಚಲುಮನೆಯಲ್ಲಿದ್ದಳು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಹಳೆಯ ಪ್ಲಾಸ್ಟಿಕ್ ಲೋಟ, ಅದರ ಬುಡದಲ್ಲೊಂದು ತೂತು, ತೂತಿನಿಂದ ಒಂದರೊಳಗೊಂದು ತುರುಕಿದ ಜ್ಯೂಸಿನ ಸ್ಟ್ರಾಗಳು. ಸೋರುವ ಕಡೆಗೆಲ್ಲ ನನ್ನ ಅಡುಗೆಮನೆಯಿಂದ ಕದ್ದ ಹಿಟ್ಟು ಮೆತ್ತಿದ್ದಳು.

“ಅಮ್ಮ, ಲೋಟ ಕೆಳಗಿಟ್ರೆ ನೀರು ಬರಲ್ಲ. ಮೇಲಿಟ್ರೆ ಓಡೋಡಿ ಬರುತ್ತೆ.”

“ಹೌದಾ? ಯಾಕಂತೆ?”

“ಅದನ್ನೇ ನೋಡ್ತಾ ಇದೀನಿ. ನೀನು ಲೋಟ ಹಿಡ್ಕೋ. ಮಾತಾಡ್ಬೇಡ.”

ಹಿಡಿದುಕೊಂಡೆ. ಹಗಲಿಡೀ ‘ಒಳಗೆ ನಡೀರಿ, ಒಳಗೆ ನಡೀರಿ’ ಎಂದು ಕೂಗುವವಳಿಗೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ಎಷ್ಟು ಕಷ್ಟವೆಂದು ತಮಗೆ ತಿಳಿಯದು. ಸಮವಸ್ತ್ರದ ತೋಳು ಒದ್ದೆಯಾಯಿತು. ಸ್ವಲ್ಪ ಹೊತ್ತಿಗೆ ಅವಳು, “ಅದಕ್ಕೇನಾ ಟ್ಯಾಂಕನ್ನ ಮಾಳಿಗೆ ಮೇಲಿಡೋದು?” ಅಂದಳು. ಹೌದು ಎನ್ನಲು ಹೊರಟ ನಾಲಿಗೆಯನ್ನು ಕಚ್ಚಿ ಹಿಡಿದು, “ನಿಂಗೇನನ್ಸುತ್ತೆ?” ಅಂದೆ. ಅವಳು ಟ್ಯಾಂಕನ್ನೇ ನೋಡಿ ಬರಲು ಮೆಟ್ಟಿಲು ಹತ್ತಿ ಓಡಿದಳು.

ಪ್ರದರ್ಶನದ ದಿನ ನಡೆದದ್ದು ತಮಗೂ ನೆನಪಿರಬೇಕು. ಹೊಳೆಯುವ ಹಲಗೆ, ಹಸಿರು ಬೆಟ್ಟ, ಮಿನುಗುವ ದೀಪ. ತಾವು ಬಾಗಿ, “ಇದನ್ನ ಹೇಗೆ ಮಾಡ್ದೆ ಪುಟ್ಟಾ?” ಎಂದಿರಿ. ಅವಳು ಇದ್ದದ್ದನ್ನು ಇದ್ದ ಹಾಗೇ ಹೇಳಿದಳು: “ನಂಗೊತ್ತಿಲ್ಲ ಸರ್. ಚಿಕ್ಕಪ್ಪನ್ನ ಕೇಳಿ, ಮೇಜಿನ ಕೆಳಗಿದ್ದಾರೆ.” ಸ್ವಿಚ್ಚು ಹಿಡಿದು ಕೂತಿದ್ದ ಮೈದುನ ಗಾಬರಿಯಾಗಿ ಏನನ್ನೋ ಒತ್ತಿದ. ಬೆಟ್ಟದ ನೀರೆಲ್ಲ ತಮ್ಮ ಬಿಳಿ ಅಂಗಿಯ ಮೇಲೆ ಬಂತು. ತಾವು ದೊಡ್ಡ ಮನಸ್ಸಿನವರು. ಮುಖ ಒರೆಸಿಕೊಂಡು ನಕ್ಕು, “ಬಹಳ ಜಾಣೆ” ಎಂದು ಬಹುಮಾನದ ಕಪ್ ಕೊಟ್ಟಿರಿ. ಯಾವುದಕ್ಕೆ ಕೊಟ್ಟಿರಿ ಮಾನ್ಯರೇ? ನಿಜ ಹೇಳಿದ್ದಕ್ಕೋ, ಸ್ನಾನ ಮಾಡಿಸಿದ್ದಕ್ಕೋ? ಮಾಡಿದ್ದಕ್ಕಂತೂ ಇರಲಾರದು.

ಇಲ್ಲಿಯವರೆಗೆ ನಾನೂ ನಕ್ಕಿದ್ದೆ. ಪ್ರದರ್ಶನದ ಮರುವಾರ ಶಾಲೆಯಿಂದ ಇನ್ನೊಂದು ಕೆಲಸ ಬಂತು, ಎಲೆಗಳ ಬಗ್ಗೆ. ಮಗಳು ಚೀಲ ಬಿಚ್ಚಲೇ ಇಲ್ಲ. “ಚಿಕ್ಕಪ್ಪನೇ ಮಾಡ್ಲಿ ಅಮ್ಮ. ಅವ್ರು ಮಾಡಿದ್ರೇನೇ ಬಹುಮಾನ ಬರೋದು” ಅಂದಳು. ಅಳಲಿಲ್ಲ, ಮುನಿಸಿಕೊಳ್ಳಲಿಲ್ಲ. ನಿಲ್ದಾಣ ದಾಟಿತು ಎನ್ನುವಷ್ಟು ತಣ್ಣಗೆ ಹೇಳಿದಳು.

ಮೂವರನ್ನೂ ಬಚ್ಚಲುಮನೆಗೆ ಕರೆದೆ. “ನಿನ್ನ ನೀರಿನದ್ದು ಇವರಿಗೂ ತೋರ್ಸು” ಅಂದೆ ಮಗಳಿಗೆ. ಮೊದಲು ಒಲ್ಲೆನೆಂದಳು, ಆಮೇಲೆ ಲೋಟ ತಂದಳು. ಸೋರುತ್ತಿದ್ದ ಕಡೆ ಸರಿಮಾಡಲು ಗಂಡನ ಕೈ ತಾನಾಗಿ ಮುಂದೆ ಹೋಯಿತು. “ಮುಟ್ಬೇಡಿ ಅಪ್ಪ, ಈಗಷ್ಟೇ ಸರಿಯಾಗಿ ಕೂತಿದೆ” ಅಂದಳು. ಅವರು ಕೈ ಹಿಂದಕ್ಕೆಳೆದುಕೊಂಡರು. ಮುಖ ಇಷ್ಟು ಸಣ್ಣದಾಗಿತ್ತು. ಆಮೇಲೆ ಬಗ್ಗಿ ನೋಡಿ, “ಮತ್ತೆ ಇಲ್ಲಿ ಯಾಕೆ ಸೋರ್ತಿದೆ ಪುಟ್ಟಿ?” ಎಂದು ಕೇಳಿದರು. ಅಷ್ಟು ದಿನಗಳಲ್ಲಿ ಅವರು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವಳು ಹೇಳುತ್ತ ಹೋದಳು, ಮಾವ ಬಾಗಿಲಿಗೊರಗಿ ಕೇಳಿದರು, ಮೈದುನನಿಗೆ ಫೋನು ಬಂದರೂ ತೆಗೆಯಲಿಲ್ಲ. ಮರುದಿನ ಬೆಳಿಗ್ಗೆ ಅವಳು ಎಲೆ ಆರಿಸಲು ಒಬ್ಬಳೇ ಅಂಗಳಕ್ಕಿಳಿದಳು.

ಈಗ ನನ್ನ ಬೇಡಿಕೆ. ಆ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಹೊಸದನ್ನು ಕಳಿಸಲೇಬೇಕೆಂದಿದ್ದರೆ ಹೀಗೆ ಬರೆಯಿರಿ: ಮಗು ಕೇಳಿದಾಗ ಪೋಷಕರು ಕೈ ಕೊಡತಕ್ಕದ್ದು, ಮಿಕ್ಕ ಹೊತ್ತು ಕಿವಿ ಕೊಡತಕ್ಕದ್ದು. ಮಾದರಿಗಳನ್ನು ಮಕ್ಕಳು ಶಾಲೆಯಲ್ಲೇ ಮಾಡಲಿ, ವಕ್ರವಾದರೂ ಸರಿ. ನಾವು ಗೇಟಿನಾಚೆ ನಿಂತಿರುತ್ತೇವೆ. ಅಪ್ಪಂದಿರ ಉತ್ಸಾಹ ವ್ಯರ್ಥವಾಗಬಾರದೆಂಬ ಕಾಳಜಿ ತಮಗಿದ್ದರೆ ಅವರಿಗೇ ಬೇರೆ ಸ್ಪರ್ಧೆ ಇಡಿ, ಮಕ್ಕಳು ತೀರ್ಪುಗಾರರಾಗಿರಲಿ. ನಮ್ಮ ಮನೆಯ ತಂಡ ಸಿದ್ಧವಿದೆ. ನಾಯಕ ಯಾರೆಂಬ ಜಗಳವೊಂದು ಬಗೆಹರಿಯಬೇಕು. ಅವರು ಸೋತರೆ ಸಮಾಧಾನ ಮಾಡುವ ಕೆಲಸ ಮಾತ್ರ ತಮ್ಮ ಇಲಾಖೆಯದು, ನನ್ನ ಕೈಲಾಗದು.

ಇಂತಿ,
ಒಂದು ಸಣ್ಣ ಮಗುವನ್ನೂ ಮೂರು ದೊಡ್ಡ ಮಕ್ಕಳನ್ನೂ ಸಂಭಾಳಿಸುತ್ತಿರುವ
ಒಬ್ಬ ಕಂಡಕ್ಟರ್