ಮರಿಗೆ ಹಾಸಲು ಕಂಬಳಿ ತುಂಡು

ಕಬ್ಬೂರ

ಬೋರಗಾಂವದ ದೀಪಾಲಿ ಅಕ್ಕನವರಿಗೆ ಮಾಳೇಶನ ನಮಸ್ಕಾರ.

ನೀವು ಜಾತಿ ಟೆರಿಯರ್ ನಾಯಿ ಸಾಕುತ್ತೀರಿ, ಎಂಟು ವಾರ ತುಂಬದೆ, ಚುಚ್ಚುಮದ್ದು ಹಾಕಿಸದೆ ಮರಿ ಕೊಡುವುದಿಲ್ಲ ಎಂದು ನಮಗೆ ಮೊದಲು ಹೇಳಿದವಳು ಮಗಳು ಸೋನಾಲಿ, ಯುಗಾದಿಯ ದಿನ. ಮರಿ ಹೇಳಿಟ್ಟು ಬಂದವಳೂ ಅವಳೇ. ಅವಳು ಜ್ವರದಿಂದ ತೀರಿಕೊಂಡು ಇಪ್ಪತ್ತು ದಿನವಾಯಿತು. ಮೊನ್ನೆ ನೀವು ಫೋನ್ ಮಾಡಿದಾಗ ಹೇಳಲು ಬಾಯಿ ಬರಲಿಲ್ಲ.

"ಮನಿ ವಾಸನಿ ಇರೋ ಅರಿಬಿ ಕಳಸ್ರಿ ಮಾಳೇಶಣ್ಣ, ಮರಿ ನಾಕ್ ದಿನ ಅದರ ಮ್ಯಾಲ ಮಲಗಲಿ, ಆಮ್ಯಾಲ ಒಯ್ರಿ" ಎಂದಿರಿ. ಸಂಜೆ ಅದನ್ನು ಮನೆಯಲ್ಲಿ ಹೇಳಿದೆ.

"ಹೆಣ್ಣು ಕೊಡೋರೂ ಇಷ್ಟು ಕೇಳೂದಿಲ್ಲ ಬಿಡೋ" ಎಂದಳು ಅವ್ವ. ಆಮೇಲೆ, "ಸೂತಕ ಕಳಿಯಾಕ ಅರಿಬಿ ಎಲ್ಲಾ ಒಗದೀವಿ. ಕಂಬಳಿಗೆ ಮೈಲಿಗಿ ಇಲ್ಲಂತ ಸೋನಾಲಿ ಹೊಚಗೋತಿದ್ದ ಕಂಬಳಿ ಅಷ್ಟ ಹಂಗ ಐತಿ" ಎಂದಳು.

"ಮರಿ ಬ್ಯಾಡ ಅಂತ ಹೇಳಲೇನು?" ಎಂದು ಹೆಂಡತಿ ಉಜ್ವಲಾಳನ್ನು ಕೇಳಿದೆ.

ಆ ಕಂಬಳಿಯ ತುಂಡನ್ನು ಈ ಪತ್ರದೊಂದಿಗೆ ಕಳಿಸಿದ್ದೇನೆ. ಒಗೆಯದೆ ಮರಿಗೆ ಹಾಸಿರಿ. ಭಾನುವಾರ ಬರುತ್ತೇವೆ.

ಇಂದು ಬೆಳಿಗ್ಗೆ ಅವ್ವ ಉಣ್ಣೆ ಕತ್ತರಿಸುವ ಕತ್ತರಿ ತಂದಳು. ಉಜ್ವಲಾ ಅದನ್ನು ಇಸಿದುಕೊಂಡು, ಸೋನಾಲಿಯ ತಲೆಯ ಕಡೆಗೆ ಬರುತ್ತಿದ್ದ ತುಂಡನ್ನು ತಾನೇ ಕತ್ತರಿಸಿಕೊಟ್ಟಳು.

ಇಂತಿ,
ಮಾಳೇಶ