ಒಂಬತ್ತನೇ ಕಥೆಗೆ ನಾಲ್ಕು ಅಂಕ

ಮನೆಯಿಂದ,
ಹತ್ತೊಂಬತ್ತನೇ ತಾರೀಕು, ಬುಧವಾರ ಬೆಳಿಗ್ಗೆ

ಮುದ್ದಿನ ತಂಗಿ ಪುಟ್ಟಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಅಕ್ಕನಿಗೆ ಸೊಕ್ಕು ಬಂದಿದೆ ಎಂದು ಇಷ್ಟರಲ್ಲಿ ನಾಲ್ಕು ಜನರ ಹತ್ತಿರ ಹೇಳಿ ಮುಗಿಸಿರುತ್ತೀ. ಹೇಳಿಕೋ, ತಪ್ಪು ನನ್ನದೇ. ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡು ಅಂದರೆ ಕೇಳುವವಳಲ್ಲ ನೀನು.

ಭಾನುವಾರ ಫೋನಿನಲ್ಲಿ ಅಷ್ಟು ಹೊತ್ತು ಹರಟಿದೆವಲ್ಲ, ಆಗಲೇ ಯಾಕೆ ಹೇಳಲಿಲ್ಲ ಎಂದು ಬೈಯಬೇಡ. ನಿನ್ನ ಭಾವ ಪಕ್ಕದಲ್ಲೇ ಕೂತಿರುತ್ತಾರೆ ಕಣೇ. ಈಗ ಎದುರಿನ ಕ್ಷೌರದ ಅಂಗಡಿಗೆ ಹೋಗಿದ್ದಾರೆ. ಈ ಕಿಟಕಿಯಿಂದ ಅವರ ತಲೆ ಕಾಣುತ್ತದೆ. ಒಂದು ಸಾಲು ಬರೆಯುವುದು, ಒಂದು ಸಲ ಆ ಕಡೆ ನೋಡುವುದು, ಹೀಗೆ ನಡೆದಿದೆ ನನ್ನ ಬರವಣಿಗೆ.

ನಮ್ಮ ಆನ್‌ಲೈನ್ ಕಥೆಗಾರರ ಗುಂಪಿನ ವಿಷಯ ನಿನಗೆ ಗೊತ್ತಲ್ಲ. ಅದೇ, ಹಲ್ಲಿನ ಡಾಕ್ಟರು ನಡೆಸುವುದು. ತಿಂಗಳಿಗೊಂದು ಸ್ಪರ್ಧೆ, ಬಹುಮಾನ ಅಂತ ಏನೂ ಇಲ್ಲ, ಗೆದ್ದವರು ಮುಂದಿನ ತಿಂಗಳು ತೀರ್ಪುಗಾರರಾಗಬೇಕು, ಅಷ್ಟೇ. ಹೋದ ಸಲ ನಾನು ಗೆದ್ದು ಈ ಸಲ ಸಿಕ್ಕಿಹಾಕಿಕೊಂಡೆ. ವಿಷಯ ಗೂಢಚಾರಿಕೆ. ಕಥೆ ಅರವತ್ತು ಪದ ಮೀರಬಾರದು. ಡಾಕ್ಟರು ಹೆಸರು ತೆಗೆದು, ಬರೀ ನಂಬರು ಹಾಕಿ ಕಳಿಸುತ್ತಾರೆ. ಪ್ರತಿಯೊಂದಕ್ಕೂ ಅಂಕ ಕೊಟ್ಟು, ಒಂದೆರಡು ಸಾಲಿನ ಅಭಿಪ್ರಾಯ ಬರೆಯಬೇಕು. ಅದನ್ನು ಗುಂಪಿನಲ್ಲಿ ಎಲ್ಲರೂ ಓದುತ್ತಾರೆ.

ಇಪ್ಪತ್ಮೂರು ಕಥೆ ಬಂದಿದ್ದವು. ಹದಿನೈದರಲ್ಲಿ ಕಪ್ಪು ಕೋಟು, ಆರರಲ್ಲಿ ವಿಷ. ಒಬ್ಬ ಮಹಾರಾಯರಂತೂ ಅರವತ್ತು ಪದದಲ್ಲಿ ಏಳು ಜನರನ್ನು ಕೊಂದಿದ್ದರು! ನಿನ್ನ ಭಾವ ನಡುಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದರು, ನಾನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಿದ್ದೆ. ಒಂಬತ್ತನೇ ಕಥೆಯನ್ನು ಹಾಗೇ ಇಳಿಸುತ್ತೇನೆ, ಓದು:

“ಈ ಮನೆಗೆ ನನ್ನನ್ನು ಕಳಿಸಿದವರು ಯಾರೋ ನೆನಪಿಲ್ಲ. ಹೆಂಗಸು ನನ್ನನ್ನು ಗಂಡ ಎಂದುಕೊಂಡಿದ್ದಾಳೆ. ನಾನೂ ಹಾಗೇ ನಟಿಸುತ್ತೇನೆ. ಅವಳು ಹಾಲನ್ನು ಮೂರು ಸಲ ಮೂಸಿ ನೋಡುತ್ತಾಳೆ. ನಲ್ಲಿಯನ್ನು ಬೈಯುತ್ತಾಳೆ. ಬೀರುವಿನ ಹಿಂದೆ ಗೋಡೆ ಬಿರುಕು ಬಿಟ್ಟಿದೆ. ನನ್ನ ಚೀಟಿಗಳು ಅಲ್ಲಿವೆ. ಒಳ್ಳೆಯವಳು. ಸಿಕ್ಕಿಬಿದ್ದರೆ ನನಗೇನಾದರೂ ಆಗಲಿ, ಅವಳಿಗೆ ಏನೂ ಆಗಬಾರದು.”

ಓದುವಾಗ ಇಸ್ತ್ರಿಪೆಟ್ಟಿಗೆ ನಿಂತಿತ್ತು. “ಹೇಗಿದೆ ರೀ?” ಅಂದೆ.

“ಆ ಹೆಂಗಸಿಗೆ ಗೊತ್ತಾಗುತ್ತಾ?” ಅಂದರು.

“ಗೊತ್ತಾಗದೆ ಏನು? ಅವಳೇನು ಎಮ್ಮೆನಾ?”

ಅವರು ಮತ್ತೆ ಇಸ್ತ್ರಿ ಶುರು ಮಾಡಿದರು. ನಾನು ಬರೆದೆ: “ಕಲ್ಪನೆ ಚೆನ್ನಾಗಿದೆ. ಆದರೆ ಹೆಂಗಸಿನ ಪಾತ್ರ ನಂಬುವಂತಿಲ್ಲ. ಒಂದೇ ಸೂರಿನ ಕೆಳಗಿದ್ದೂ ಇಷ್ಟು ತಿಳಿಯದ ಹೆಂಡತಿ ಎಲ್ಲಾದರೂ ಇರುತ್ತಾಳೆಯೇ? ಹತ್ತಕ್ಕೆ ನಾಲ್ಕು.” ಎಂಥ ಬುದ್ಧಿವಂತೆ ನೋಡು ನಿನ್ನ ಅಕ್ಕ.

ಅಂಕಗಳನ್ನು ಕಳಿಸಿದ ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಎತ್ತಿ ಮೂಸಿದೆ. ಇಟ್ಟೆ. ಅನುಮಾನ, ಇನ್ನೊಮ್ಮೆ ಮೂಸಿದೆ. ಮೂರನೇ ಸಲ ಮೂಗಿನ ಹತ್ತಿರ ತಂದವಳು ಹಾಗೇ ನಿಂತುಬಿಟ್ಟೆ. ಪಕ್ಕದಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಅದಕ್ಕೆ “ನಿನ್ನ ವಂಶ ಹಾಳಾಗ” ಎಂದು ಆಗಷ್ಟೇ ಬೈದಿದ್ದೆ. ಮೈ ಜುಮ್ಮೆಂದಿತು ಪುಟ್ಟಿ. ಬೀರುವಿನ ಹಿಂದೆ ಬಿರುಕಿರುವುದು ನಮ್ಮಿಬ್ಬರನ್ನು ಬಿಟ್ಟರೆ ಬಣ್ಣ ಹೊಡೆದವನಿಗೆ ಮಾತ್ರ ಗೊತ್ತು. ಅವನು ಬಂದು ಹೋಗಿ ಆರು ವರ್ಷ! ಹೋಗಿ ಕಿಟಕಿಗಳ ಪರದೆ ಎಳೆದೆ. ಬಚ್ಚಲಿನ ಸಣ್ಣ ಕಿಂಡಿಗೂ ಟವೆಲ್ ತುರುಕಿದೆ. ಆ ದಿನವಿಡೀ ಯಾರೋ ನನ್ನ ಬೆನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ತಿರುಗಿದರೆ ನಿನ್ನ ಭಾವ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿರುತ್ತಿದ್ದರು, ಅಷ್ಟೇ.

ಸಂಜೆ ತಡೆಯಲಾರದೆ ಹೇಳಿದೆ: “ಯಾರೋ ನಮ್ಮನೇನ ನೋಡ್ತಾ ಇದ್ದಾರೆ ರೀ.”

ಅವರು ಪೇಪರು ಮಡಚಿದರು. ಎದ್ದು ಹೋಗಿ ರೇಡಿಯೋ ಜೋರಾಗಿ ಹಾಕಿದರು. ನನ್ನ ಕಿವಿಯ ಹತ್ತಿರ ಬಂದು, “ಇಲ್ಲಿ ಮಾತು ಬೇಡ,” ಎಂದು ಪಿಸುಗುಟ್ಟಿದರು.

ತಮಾಷೆ ಎಂದು ನಕ್ಕೆ. ಅವರು ನಗಲಿಲ್ಲ. ಬಾಗಿಲ ಅಗುಳಿಯನ್ನೇ ನೋಡುತ್ತಿದ್ದರು.

ಮರುದಿನ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿ, ಆ ಒಂಬತ್ತನೇ ನಂಬರು ಯಾರದು, ನನಗೆ ಹೇಳಲೇಬೇಕು ಎಂದು ಪಟ್ಟು ಹಿಡಿದೆ. “ಏನ್ ಮೇಡಂ, ನನ್ನನ್ನೇ ಆಟ ಆಡಿಸ್ತೀರಾ? ನಿಮ್ಮ ಯಜಮಾನರ ಫೋನಿಂದಾನೇ ಬಂತಲ್ಲ. ಗಂಡನಿಗೇ ನಾಲ್ಕು ಕೊಟ್ರಲ್ಲ ಅಂತ ನಮ್ಮನೇಲಿ ಎಲ್ಲ ನಗ್ತಾ ಇದೀವಿ,” ಅಂದರು.

ನಾನೂ ನಕ್ಕೆ. ಅಬ್ಬ, ಇವರು ಮಾಡಿದ ಚೇಷ್ಟೆ ಇದು ಎಂದು ಎದೆಯ ಮೇಲಿನ ಭಾರ ಇಳಿಯಿತು. ಮೂವತ್ತು ವರ್ಷ ಕೋರ್ಟಿನಲ್ಲಿ ಬೆರಳಚ್ಚು ಮಾಡಿದ ಮನುಷ್ಯ, ಬೇರೆಯವರ ಮಾತನ್ನು ಇದ್ದದ್ದು ಇದ್ದ ಹಾಗೆ ಇಳಿಸಿದ್ದು ಬಿಟ್ಟರೆ ಸ್ವಂತದ್ದು ಒಂದು ಸಾಲು ಬರೆದವರಲ್ಲ. ಕೊನೆಗೂ ಬರೆದರಲ್ಲ ಎಂದು ಖುಷಿಯೇ ಆಯಿತು. ಆಮೇಲೆ ಚೀಟಿಗಳ ನೆನಪಾಯಿತು.

ಅವರು ಸ್ನಾನಕ್ಕೆ ಹೋದಾಗ ಬೀರುವನ್ನು ಒಂದು ಗೇಣು ಸರಿಸಿದೆ. ಬಿರುಕಿನಲ್ಲಿ ಚೀಟಿಗಳಿದ್ದವು ಪುಟ್ಟಿ. ನಲವತ್ತಕ್ಕೆ ಕಡಿಮೆಯಿಲ್ಲ. ಅವರದೇ ದುಂಡನೆಯ ಅಕ್ಷರ. “ಎಡಗಡೆ ಬಾಗಿಲು ಬಚ್ಚಲು.” “ಹೆಂಗಸಿಗೆ ಚಹಾಕ್ಕೆ ಸಕ್ಕರೆ ಬೇಡ.” “ಕನ್ನಡಕ ಹುಡುಕುವಾಗ ಮೊದಲು ತಲೆ ಮುಟ್ಟಿಕೊಳ್ಳುವುದು.” ಇನ್ನೊಂದನ್ನು ನಿನಗೆ ಹೇಳಬಾರದೆಂದಿದ್ದೆ, ಆದರೆ ನಿನ್ನಿಂದ ಯಾವತ್ತು ಏನು ಮುಚ್ಚಿಟ್ಟಿದ್ದೇನೆ? “ಭಾನುವಾರ ಫೋನ್ ಮಾಡುವವಳು ಇವಳ ತಂಗಿ. ತಮಾಷೆ ಮಾಡುತ್ತಾಳೆ. ನಗಬೇಕು.” ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಳಗೆ ನೀರು ಸುರಿದುಕೊಳ್ಳುವ ಸದ್ದು ಕೇಳುತ್ತಿತ್ತು.

ಹಳೆಯದನ್ನೆಲ್ಲ ಈಗ ಕೂಡಿಸಿ ನೋಡುತ್ತಿದ್ದೇನೆ. ಒಂದು ವರ್ಷದಿಂದ ಚಹಾ ಕೊಟ್ಟರೆ ಥ್ಯಾಂಕ್ಸ್ ಹೇಳುತ್ತಿದ್ದರು. ಬಟ್ಟೆ ಮಡಚಿಡುತ್ತಿದ್ದರು, ನನ್ನ ಕೋಣೆಗೆ ಬರುವ ಮೊದಲು ಬಾಗಿಲು ತಟ್ಟುತ್ತಿದ್ದರು. ಮುದುಕನಿಗೆ ಈಗ ಬುದ್ಧಿ ಬಂತು ಎಂದು ನಾನು ಹಿಗ್ಗಿ ಹೀರೇಕಾಯಿಯಾಗಿ ನಿನ್ನ ಹತ್ತಿರವೂ ಜಂಭ ಕೊಚ್ಚಿದ್ದೆ. ಪರರ ಮನೆಯಲ್ಲಿ ಇರುವವರು ಹಾಗಿರುತ್ತಾರೆ ಅಂತ ನನಗೆ ಹೊಳೆಯಲಿಲ್ಲ. ನನ್ನ ಮೇಲೇ ನನಗೆ ಎಷ್ಟು ಸಿಟ್ಟು ಬರುತ್ತಿದೆ ಗೊತ್ತಾ? ಮುಂದಿನ ವಾರ, ಗುರುವಾರ, ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಅವರು ಏನಾದರೂ ಹೇಳಲಿ, ಯಾವ ಮಾತ್ರೆಯಾದರೂ ಕೊಡಲಿ. ನನಗೆ ಬೇಕಾಗಿದ್ದು ಒಂದೇ. ನಾನು ಯಾರು ಅಂತ ಈ ಮನುಷ್ಯನಿಗೆ ಗೊತ್ತಿದೆಯೋ, ಇಲ್ಲವೋ?

ನಿನ್ನೆ ಧೈರ್ಯ ಮಾಡಿ ಅದನ್ನು ಅವರನ್ನೇ ಕೇಳಿದೆ. ಉತ್ತರ ಕೊಟ್ಟರು. ಅದನ್ನು ಬರೆಯಲು ಕೈ ಬರುತ್ತಿಲ್ಲ, ಇರಲಿ ಬಿಡು.

ನೀನು ಅದರ ಹಿಂದಿನ ದಿನ, ಬುಧವಾರವೇ ಹೊರಟು ಬಾ. ಮೊಣಕಾಲಿನ ನೆಪ ಹೇಳಬೇಡ. ಬಂದಾಗ ಬಾಗಿಲಲ್ಲೇ ನಿನ್ನ ಪರಿಚಯ ಹೇಳಿಬಿಡು, ಅವರನ್ನು ಪರೀಕ್ಷೆ ಮಾಡಬೇಡ, ದಮ್ಮಯ್ಯ. ಮಕ್ಕಳಿಗೆ ದೊಡ್ಡಮ್ಮನ ಆಶೀರ್ವಾದ ಹೇಳು. ನಿನ್ನ ಮನೆ ತಣ್ಣಗಿರಲಿ, ನಿನ್ನವರು ನಿನ್ನನ್ನು ಹೆಸರು ಹಿಡಿದು ಕೂಗುತ್ತಾ ನೂರು ಕಾಲ ಬಾಳಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. “ನಾನು ಯಾರು ಹೇಳಿ ನೋಡೋಣ,” ಎಂದು ಕೇಳಿದ್ದೆ. ಅವರು ಎದ್ದು ಹೋಗಿ ರೇಡಿಯೋ ಹಾಕಿ, ನನ್ನ ಎರಡೂ ಕೈ ಹಿಡಿದುಕೊಂಡು, “ನೀವು ಒಳ್ಳೆಯವರು, ನಿಮ್ಮನ್ನು ನಂಬಬಹುದು. ನನಗೊಬ್ಬಳು ಹೆಂಡತಿ ಇದ್ದಾಳೆ. ಎಲ್ಲಿಟ್ಟಿದ್ದಾರೋ ಗೊತ್ತಿಲ್ಲ. ಸಿಕ್ಕಿದರೆ ಹೇಳಿ, ನಾನಿನ್ನೂ ಅವಳ ಹೆಸರನ್ನ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ ಅಂತ,” ಅಂದರು. ಹೇಳ್ತೀನಿ ಅಂದೆ.